ನನ್ನ ಪಾಲಿನ ನಲವತ್ತೈದು ಡಿಗ್ರಿ

ಇದನ್ನು ಹೇಳುವ ಯೋಗ್ಯತೆ ನನಗಿಲ್ಲ. ಗೊತ್ತಿದ್ದೂ ಬಾಯಿ ತೆರೆಯುತ್ತಿದ್ದೇನೆ, ಓದುವವರು ಮನ್ನಿಸಬೇಕು. ನಾನು ವಿಜ್ಞಾನಿಯಲ್ಲ. ಹಗಲು ಪ್ರಯೋಗಾಲಯದಲ್ಲಿ ಸೀಸೆ ತೊಳೆದು, ಸಂಜೆ ಆರರಿಂದ ಒಂಬತ್ತರವರೆಗೆ ತರಗತಿಯಲ್ಲಿ ತೂಕಡಿಸುತ್ತಾ ರಸಾಯನಶಾಸ್ತ್ರ ಕಲಿತವಳು. ಹಾಗೆ ಕಲಿತವರಿಗೆ ಒಂದು ರೋಗ ಅಂಟಿಕೊಂಡಿರುತ್ತದೆ. ಗೊತ್ತಿರುವುದನ್ನೂ ಗೊತ್ತಿಲ್ಲವೇನೋ ಎಂದು ಎರಡೆರಡು ಸಲ ನೋಡುತ್ತೇವೆ. ಆ ರೋಗವಿದ್ದೂ ನಾನು ಒಂದು ಸಲ ನೋಡದೆ ಬಿಟ್ಟೆ. ಅದನ್ನು ಅನುಭವಿಸಿದವರು ನನ್ನ ಭಾವ, ಅಂದರೆ ಅಕ್ಕನ ಗಂಡ.

ನಮ್ಮ ಪ್ರಯೋಗಾಲಯ ಬೆಟ್ಟದ ಬುಡದಲ್ಲಿದೆ. ಮೂರು ಕೋಣೆ, ಸಿಮೆಂಟಿನ ಅಂಗಳ, ಅಂಗಳದಾಚೆ ಬಾವಿ ಕೊರೆಯುವವರ ಶೆಡ್ಡು. ಬೆಟ್ಟದ ಮೇಲೆ ಐದಾರು ಕಡೆ ನೆಲ ಬಿರಿದು ಹಬೆ ಏಳುತ್ತದೆ. ಆಳಕ್ಕೆ ಬಾವಿ ಕೊರೆದು, ಆ ಹಬೆಯಿಂದ ಯಂತ್ರ ತಿರುಗಿಸಿ ಕರೆಂಟು ತೆಗೆಯಬೇಕು ಎನ್ನುವುದು ಕಂಪನಿಯ ಆಸೆ. ಆದರೆ ಎರಡು ಕಿಲೋಮೀಟರ್ ಕೆಳಗೆ ಎಷ್ಟು ಬಿಸಿ ಇದೆ ಎಂದು ಕೊರೆಯುವ ಮೊದಲೇ ತಿಳಿಯಬೇಕಲ್ಲ? ಥರ್ಮಾಮೀಟರ್ ಇಟ್ಟು ನೋಡೋಣವೆಂದರೆ ಭೂಮಿಗೆ ಕಂಕುಳಿಲ್ಲ. ಹಾಗಾಗಿ ಮೇಲೆ ಬರುವ ಅನಿಲವನ್ನೇ ಹಿಡಿದು ವಿಚಾರಿಸುತ್ತೇವೆ.

ವಿಚಾರಿಸುವ ಬಗೆ ಹೀಗೆ. ಕಾರ್ಬನ್‌ನಲ್ಲಿ ಹಗುರದ್ದು ಒಂದು, ತುಸು ಭಾರದ್ದು ಒಂದು. ಇವನ್ನು ಐಸೋಟೋಪ್ ಎನ್ನುತ್ತಾರೆ. ನೆಲದಡಿ ಕಾರ್ಬನ್ ಡೈಆಕ್ಸೈಡೂ ಮೀಥೇನೂ ಒಟ್ಟಿಗಿರುವಾಗ ಭಾರದ ಕಾರ್ಬನ್ನನ್ನು ದಾಯಾದಿಗಳಂತೆ ಹಂಚಿಕೊಳ್ಳುತ್ತವೆ. ಡೈಆಕ್ಸೈಡು ದೊಡ್ಡಣ್ಣ, ಯಾವತ್ತೂ ಹೆಚ್ಚಿನ ಪಾಲು ಅವನದೇ. ಬಿಸಿ ಏರಿದಷ್ಟೂ ಪಾಲು ಸಮಸಮಕ್ಕೆ ಹತ್ತಿರವಾಗುತ್ತದೆ, ತಣ್ಣಗಿದ್ದಷ್ಟೂ ಅಣ್ಣನ ದುರಾಸೆ ಜಾಸ್ತಿ. ಇಬ್ಬರ ಪಾಲಿನ ವ್ಯತ್ಯಾಸ ಅಳೆದರೆ ಕೆಳಗಿನ ಬಿಸಿ ಎಷ್ಟೆಂದು ಲೆಕ್ಕ ಹಾಕಬಹುದು. ವ್ಯತ್ಯಾಸ ಕಡಿಮೆಯಾದರೆ ಬಿಸಿ ಹೆಚ್ಚು. ಇಷ್ಟು ನೆನಪಿದ್ದರೆ ಸಾಕು.

ಅನಿಲ ಹಿಡಿಯುವುದು ಭಾವನ ಕೆಲಸ. ದಪ್ಪ ಗಾಜಿನ ಸೀಸೆ, ಒಳಗಿನ ಗಾಳಿಯನ್ನೆಲ್ಲ ಮೊದಲೇ ಹೀರಿ ತೆಗೆದಿರುತ್ತೇವೆ. ಕಾಲು ಭಾಗ ಕಾಸ್ಟಿಕ್ ಸೋಡಾ ದ್ರಾವಣ, ಕುತ್ತಿಗೆಯಲ್ಲಿ ಗಾಜಿನ ತಿರುಪು. ನೆಲದ ಬಿರುಕಿನ ಮೇಲೆ ಆಲಿಕೆ ಕವುಚಿ, ಸುತ್ತ ಕೆಸರು ಮೆತ್ತಿ, ನಳಿಕೆಯಲ್ಲಿ ಹಬೆಯನ್ನು ಸೀಸೆಗೆ ಬಿಡಬೇಕು. ಡೈಆಕ್ಸೈಡು ಕಾಸ್ಟಿಕ್‌ನಲ್ಲಿ ಕರಗುತ್ತದೆ, ಮೀಥೇನ್ ಮೇಲೆ ನಿಲ್ಲುತ್ತದೆ. ನಡುವೆ ಹೊರಗಿನ ಗಾಳಿ ಒಂದು ಗುಟುಕು ನುಗ್ಗಿದರೂ ಕೆಲಸ ಕೆಟ್ಟಿತು. ನುಗ್ಗಿದೆಯೋ ಇಲ್ಲವೋ ಕಂಡುಹಿಡಿಯುವುದು ಕಷ್ಟವಲ್ಲ. ಆಳದಿಂದ ಬರುವ ಅನಿಲದಲ್ಲಿ ಆಮ್ಲಜನಕ ಇರುವುದಿಲ್ಲ. ಸೀಸೆಯಲ್ಲಿ ಆಮ್ಲಜನಕ ಸಿಕ್ಕರೆ ಹಿಡಿದವನು ತಪ್ಪಿದ್ದಾನೆ ಎಂದರ್ಥ. ಇಪ್ಪತ್ತೆರಡು ವರ್ಷದಲ್ಲಿ ಭಾವನ ಸೀಸೆಯಲ್ಲಿ ಅದು ಸಿಕ್ಕಿದ್ದು ಎರಡೇ ಸಲ. ಎರಡೂ ಸಲ ಆಲಿಕೆ ಸೀಳಿತ್ತು.

ಎಲ್ಲರೂ ಅವರನ್ನು ಹಬೆಯಣ್ಣ ಎನ್ನುತ್ತಿದ್ದರು. ಅವರ ನಾಲಿಗೆಯೂ ಹಬೆಯಂತೆಯೇ ಸುಡುತ್ತಿತ್ತು. ಕೊರೆಯುವ ತಂಡದ ಯಜಮಾನರಿಗೆ 'ಇಲಿ' ಎಂದು ಹೆಸರಿಟ್ಟವರು ಭಾವನೇ. "ಬಿಲ ತೋಡೋದು ನಿಮ್ಮ ಕೆಲಸ. ಎಲ್ಲಿ ತೋಡ್ಬೇಕು ಅಂತ ನನ್ನ ಸೀಸೆ ಹೇಳತ್ತೆ," ಎಂದು ಕ್ಯಾಂಟೀನಿನಲ್ಲಿ ಹತ್ತು ಜನರ ಮುಂದೆ ಅನ್ನುತ್ತಿದ್ದರು. ನಾನು 'ಸಂಜೆ ಪಂಡಿತೆ'. "ಏನಮ್ಮಾ ಸಂಜೆ ಪಂಡಿತೆ, ಬೆಳಿಗ್ಗೆಗೂ ಒಂಚೂರು ಬುದ್ಧಿ ಉಳಿಸ್ಕೊಂಡಿದೀಯಾ?" ನನ್ನನ್ನು ಈ ಕೆಲಸಕ್ಕೂ ತರಗತಿಗೂ ಸೇರಿಸಿದವರು ಅವರೇ. ನಾನು ಇದ್ದದ್ದು ಅವರ ಮನೆಯ ಹಿಂದಿನ ಕೋಣೆಯಲ್ಲಿ.

ಸೀಸೆಗೆ ಕಾಸ್ಟಿಕ್ ತುಂಬುವುದು, ಬೆಟ್ಟದಿಂದ ಬಂದದ್ದನ್ನು ಅಳೆಯುವುದು ನನ್ನ ಕೆಲಸವಾಗಿತ್ತು. ಕಾಸ್ಟಿಕ್‌ಗೆ ಒಂದು ಕೆಟ್ಟ ಚಾಳಿ ಇದೆ. ಗಾಳಿ ತಾಗಿದರೆ ಗಾಳಿಯಲ್ಲಿನ ಡೈಆಕ್ಸೈಡನ್ನು ಕುಡಿದು ಮೈಮೇಲೆ ಬಿಳಿ ಹಿಟ್ಟು ಬೆಳೆಸಿಕೊಳ್ಳುತ್ತದೆ. ಅದಕ್ಕೇ ಮೊದಲು ನೀರು ಕಡಿಮೆ ಹಾಕಿ ಗಟ್ಟಿಯಾಗಿ ಕಲಸಿ, ಒಂದು ವಾರ ಅಲ್ಲಾಡಿಸದೆ ಬಿಟ್ಟು, ಹಿಟ್ಟೆಲ್ಲ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಳ್ಳಬೇಕು. ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಒಂದು ಸೋಮವಾರ ಮಧ್ಯಾಹ್ನ ಬಂದು ಎಂಟು ಸೀಸೆ ಕೇಳಿದರು.

"ಒಂದು ವಾರ ಬೇಕು ಮೇಡಂ, ತಿಳಿಯಾಗೋಕೆ."

"ವಾರ ಯಾರ ಮನೇಲಿ ಬಿದ್ದಿದೆ? ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಬೇಕು."

ಹೊಸ ಡಬ್ಬಿ ಬಂದಿರಲಿಲ್ಲ. ಇದ್ದದ್ದು ಮುಚ್ಚಳ ಬಿರಿದ ಹಳೆಯದು. ಕಲಸಿದೆ. ಲೋಟ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದೆ. ತಿಳಿಯಾಗಿದೆ ಎಂದುಕೊಂಡೆ. ಕೈ ತೊಳೆದು ಬಂದು ಇನ್ನೊಂದು ಸಲ ನೋಡೋಣ ಎಂದಿದ್ದೆ. ಅಷ್ಟರಲ್ಲಿ ತರಗತಿಯ ಬಸ್ಸಿಗೆ ಹೊತ್ತಾಯಿತು, ಎಂಟಕ್ಕೂ ತುಂಬಿ ಹೊರಟೆ. ಹಿಟ್ಟು ಹಾಗೇ ಬೆರೆತು ಹೋಗಿದ್ದರೆ ಏನಾಗುತ್ತದೆ ಎಂದು ಯೋಚಿಸಲಿಲ್ಲ. ಕಾಸ್ಟಿಕ್ ಗಾಳಿಯಿಂದ ಕುಡಿಯುವ ಡೈಆಕ್ಸೈಡಿನಲ್ಲಿ ಹಗುರದ ಕಾರ್ಬನ್ನೇ ಹೆಚ್ಚು. ಅದು ಬೆಟ್ಟದ ಡೈಆಕ್ಸೈಡಿಗೆ ಸೇರಿದರೆ ದೊಡ್ಡಣ್ಣನ ಪಾಲು ಇದ್ದುದಕ್ಕಿಂತ ಕಡಿಮೆ ಕಾಣುತ್ತದೆ. ವ್ಯತ್ಯಾಸ ಇಳಿಯುತ್ತದೆ, ಲೆಕ್ಕದಲ್ಲಿ ಬಿಸಿ ಏರುತ್ತದೆ.

ಎಂಟರಲ್ಲಿ ಆರು ಸೀಸೆ ಬೆಟ್ಟ ಹತ್ತಿದವು. ಆರರಲ್ಲೂ ಆಮ್ಲಜನಕ ಸೊನ್ನೆ. ಕಾರ್ಬನ್ ಲೆಕ್ಕ ಇನ್ನೂರ ತೊಂಬತ್ತೈದು ಡಿಗ್ರಿ ಎಂದಿತು. ಕಂಪನಿಗೆ ಬೇಕಿದ್ದುದು ಇನ್ನೂರ ಎಪ್ಪತ್ತು. ಹೈಡ್ರೋಜನ್‌ನ ಐಸೋಟೋಪ್‌ಗಳಿಂದಲೂ ಇಂಥದೇ ಲೆಕ್ಕವಿದೆ. ಅದು ನೂರ ತೊಂಬತ್ತೈದು ಎಂದಿತು. ನಾನು ಎರಡನ್ನೂ ಬರೆದು ಕೊಟ್ಟೆ. ಮೇಡಂ ಎರಡನೆಯದನ್ನು ಹೊಡೆದು ಹಾಕಿದರು. "ಹೈಡ್ರೋಜನ್ನಿಗೆ ನೆನಪು ಕಮ್ಮಿ ಕಣೇ. ಮೇಲೆ ಬರೋ ದಾರೀಲೇ ಹಳೇ ಪಾಲು ಮುರಿದು ಹೊಸ ಪಾಲು ಮಾಡ್ಕೊಳತ್ತೆ. ಕಾರ್ಬನ್ನು ನಿಧಾನಸ್ಥ. ಆಳದ್ದನ್ನ ಮರೆಯಲ್ಲ." ಪುಸ್ತಕದಲ್ಲೂ ಹಾಗೇ ಇದೆ. ಅವರದು ತಪ್ಪು ಎನ್ನಲು ನಾನ್ಯಾರು?

ಆವತ್ತು ಭಾವ ಕ್ಯಾಂಟೀನಿನಲ್ಲಿ ಬೆಂಚಿನ ಮೇಲೆ ಹತ್ತಿ ನಿಂತರು. "ಇಲಿ ಯಜಮಾನ್ರೇ, ಹಲ್ಲು ಮಸೆದುಕೊಳ್ಳಿ. ಇನ್ನೂರ ತೊಂಬತ್ತೈದು! ಹುಷಾರು, ಬಾಲ ಸುಟ್ಕೊಂಡೀರಿ!" ಎಲ್ಲರೂ ನಕ್ಕರು. ಯಜಮಾನರು ನಗಲಿಲ್ಲ, ತಟ್ಟೆ ಖಾಲಿ ಮಾಡಿ ಎದ್ದು ಹೋದರು.

ಹನ್ನೊಂದು ತಿಂಗಳು ಕೊರೆದರು. ಎರಡು ಕಿಲೋಮೀಟರಿನ ತಳದಲ್ಲಿ ಸಿಕ್ಕಿದ್ದು ನೂರ ತೊಂಬತ್ತು. ಮನುಷ್ಯರಿಗೆ ಅದು ಕಡಿಮೆ ಬಿಸಿಯಲ್ಲ, ಆದರೆ ತರಿಸಿಟ್ಟಿದ್ದ ಯಂತ್ರಕ್ಕೆ ಸಾಲದು. ಇದಕ್ಕೆ ಯಾರು ಹೊಣೆ, ಹತ್ತು ದಿನದಲ್ಲಿ ಹೆಸರು ಕಳಿಸಿ ಎಂದು ಮುಖ್ಯ ಕಚೇರಿಯಿಂದ ಕಾಗದ ಬಂತು. ಅದೇ ದಿನ ನಾನು ಹಳೆಯ ಡಬ್ಬಿ ತೆರೆದು ನೋಡಿದೆ. ಒಳಗೆಲ್ಲ ಹಿಟ್ಟು ಹತ್ತಿಕೊಂಡಿತ್ತು. ಮುಚ್ಚಳ ಒತ್ತಿ ಡಬ್ಬಿಯನ್ನು ಕಪಾಟಿನ ಹಿಂದಕ್ಕೆ ತಳ್ಳಿದೆ.

ಮೇಡಂ ನನ್ನನ್ನು ಕರೆದು ಹಳೆಯ ಹಾಳೆಗಳನ್ನು ಒಂದೊಂದಾಗಿ ತಿರುವಿದರು. ಆಮ್ಲಜನಕದ ಹಾಳೆ ಬಂದಾಗ ಬೆರಳು ನಿಂತಿತು. ಆರು ಸೊನ್ನೆ.

"ಇದು ಫೈಲಲ್ಲಿ ಬೇಡ. ನಿನ್ನ ಹತ್ರ ಇರ್ಲಿ."

"ಮೇಡಂ, ಇದಿದ್ರೇನೇ ಭಾವಂದು ತಪ್ಪಿಲ್ಲ ಅಂತ..."

"ಅವನದಲ್ಲ ಅಂದ್ರೆ ಇನ್ಯಾರದು? ಹೇಳು, ಬರ್ಕೋತೀನಿ."

ನಾನು ಹಾಳೆ ತೆಗೆದುಕೊಂಡು ಹೊರಗೆ ಬಂದೆ. ಭಾವ ಉಳಿದರೆ ಮುಂದಿನ ಪ್ರಶ್ನೆ, ಸೀಸೆ ತುಂಬಿದವರು ಯಾರು ಎನ್ನುವುದು. ನನಗಾಗ ಅದೊಂದೇ ಕಾಣುತ್ತಿತ್ತು.

ಎರಡು ದಿನ ಬಿಟ್ಟು ಅಂಗಳದಲ್ಲಿ ಪರೀಕ್ಷೆ ಇಟ್ಟರು. ಕ್ಯಾಂಟೀನಿನ ಚಹಾದ ಕೆಟಲ್ಲಿನಲ್ಲಿ ನೀರು ಕುದಿಯುತ್ತಿತ್ತು. ಅದರ ಮೂತಿಗೆ ನಳಿಕೆ ಸಿಕ್ಕಿಸಿದ್ದರು. ಪಕ್ಕದ ಮೇಜಿನ ಮೇಲೆ ಮೂರು ಸೀಸೆ. ಪ್ರಯೋಗಾಲಯದವರು, ಕೊರೆಯುವ ಶೆಡ್ಡಿನವರು ಎಲ್ಲ ಕೆಲಸ ಬಿಟ್ಟು ಸುತ್ತ ನಿಂತಿದ್ದರು, ಕೆಲವರ ಕೈಯಲ್ಲಿ ಲೋಟವೂ ಇತ್ತು.

"ಎಲ್ಲಿ, ಹಿಡಿದು ತೋರ್ಸು," ಎಂದರು ಮೇಡಂ. ಹಿಂದಿನ ದಿನದವರೆಗೂ ಅವರು ಭಾವನಿಗೆ 'ನೀವು' ಎನ್ನುತ್ತಿದ್ದರು.

"ಮೇಡಂ, ಕೆಟಲ್ ಹಬೆಗೆ ತಳ್ಳೋ ಶಕ್ತಿ ಇಲ್ಲ. ಬೆಟ್ಟದ ಹಬೆ ತಾನೇ ನುಗ್ಗಿ ಬಂದು ನಳಿಕೇಲಿರೋ ಗಾಳೀನ ಒದ್ದು ಆಚೆ ಹಾಕತ್ತೆ. ಇದರಲ್ಲಿ ಯಾರು ಹಿಡಿದ್ರೂ..."

"ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ," ಎಂದರು ಕೊರೆಯುವ ಯಜಮಾನರು.

ನಗು ಎದ್ದಿತು. ಭಾವ ಮೊದಲ ಸೀಸೆ ಎತ್ತಿಕೊಂಡರು. ಕನ್ನಡಕದ ಮೇಲೆ ಹಬೆ ಕೂತು ಎರಡೂ ಗಾಜು ಬಿಳಿಯಾದವು. ಒರೆಸಿಕೊಳ್ಳಲು ಕೈ ಖಾಲಿಯಿರಲಿಲ್ಲ. ತಿರುಪು ತೆರೆದೊಡನೆ ಸೀಸೆ ಗೊರಕೆ ಹೊಡೆದ ಹಾಗೆ ಗಾಳಿ ಎಳೆದುಕೊಂಡಿತು.

"ಇನ್ನೊಂದ್ಸಲ."

ಎರಡನೆಯದೂ ಗೊರಕೆ ಹೊಡೆಯಿತು.

"ಮನೇಲಿ ಚಹಾ ಮಾಡೋದು ಯಾರು, ಹಬೆಯಣ್ಣ? ನಿಮ್ಮನೆಯವರನ್ನೇ ಕರ್ಕೊಂಡ್ಬರೋಣ ಬಿಡಿ," ಎಂದಿತು ಹಿಂದಿನ ಸಾಲಿನ ಒಂದು ಗಂಟಲು.

ಮೂರನೆಯ ಸಲ ನಳಿಕೆ ಮೂತಿಯಿಂದ ಕಳಚಿತು. ಕುದಿನೀರು ಭಾವನ ಎಡ ಮಣಿಕಟ್ಟಿನ ಮೇಲೆ ಸುರಿಯಿತು. ಅವರು 'ಹಾ' ಎನ್ನಲಿಲ್ಲ. ಸೀಸೆಯನ್ನೂ ಬಿಡಲಿಲ್ಲ, ಅದನ್ನು ಮೇಜಿನ ಮೇಲೆ ನೆಟ್ಟಗೆ ಇಟ್ಟು ಆಮೇಲೆ ಕೈ ಕೊಡವಿಕೊಂಡರು. "ಹಬೆಯಣ್ಣ ಅಲ್ಲ ಕಣ್ರೋ, ಕೆಟಲಣ್ಣ!" ಎಂದರು ಯಜಮಾನರು. ಅಂಗಳವೆಲ್ಲ ಬಿದ್ದು ಬಿದ್ದು ನಕ್ಕಿತು. ನಾನು ನಗಲಿಲ್ಲ ಎಂದು ಬರೆಯಲು ಆಸೆ. ತುಟಿ ಅರಳಿತ್ತು. ಭಯಕ್ಕೋ, ಎಲ್ಲರ ಜೊತೆ ಇರಬೇಕೆಂದೋ, ಅರಳಿದ್ದಂತೂ ನಿಜ.

ಮೂರೂ ಸೀಸೆಗಳನ್ನು ಒಳಗೆ ಒಯ್ದು ಅಳೆದು ಬಂದು ಅಲ್ಲೇ ಗಟ್ಟಿಯಾಗಿ ಓದಲು ಮೇಡಂ ನನಗೆ ಹೇಳಿದರು. ಓದಿದೆ. "ಆಮ್ಲಜನಕ ನೂರಕ್ಕೆ ಹದಿನೆಂಟು. ಹತ್ತೊಂಬತ್ತು. ಇಪ್ಪತ್ತು." ಅಂದರೆ ಒಳಗಿದ್ದದ್ದು ಹೆಚ್ಚುಕಡಿಮೆ ಬರೀ ಗಾಳಿ.

ಭಾವ ಕನ್ನಡಕ ಒರೆಸಿಕೊಂಡು ನನ್ನ ಕಡೆ ತಿರುಗಿದರು. ಮುಖದಲ್ಲಿ ಸಿಟ್ಟಿರಲಿಲ್ಲ. ಬಚಾವಾದೆ ಎನ್ನುವ ಹಾಗಿತ್ತು. "ಸರಿ ಮೇಡಂ. ಈಗ ಬೆಟ್ಟದ ಆರು ಸೀಸೆದೂ ಓದಿಸಿ. ಅಳೆದೋಳು ಇವಳೇ. ಅವುಗಳಲ್ಲಿ ಎಷ್ಟಿತ್ತು ಹೇಳಮ್ಮಾ, ಕೇಳ್ಲಿ ಎಲ್ಲ."

ಎಲ್ಲರೂ ನನ್ನನ್ನೇ ನೋಡಿದರು. ನನ್ನ ಸ್ವಂತ ಫೈಲು ಕಂಕುಳಲ್ಲಿತ್ತು. ಆರು ಸೊನ್ನೆಯ ಹಾಳೆ ಅದರಲ್ಲಿ ಮೇಲಿನಿಂದ ಮೂರನೆಯದು.

"ನೆನಪಿಲ್ಲ ಭಾವ."

"ಇಲ್ಲಿ ಭಾವ ಗೀವ ಯಾರೂ ಇಲ್ಲ," ಎಂದರು ಮೇಡಂ. "ಸರಿಯಾಗಿ ಹೇಳು."

"ನೆನಪಿಲ್ಲ ಮೇಡಂ."

"ಹಾಳೆ ಇರತ್ತಲ್ಲಮ್ಮಾ," ಎಂದರು ಭಾವ. "ನೀನು ಬರೆದಿಟ್ಟೇ ಇರ್ತೀಯ. ಬರೀದೆ ಇರೋಳಲ್ಲ ನೀನು."

"ಸಿಕ್ತಿಲ್ಲ."

ಅಷ್ಟೇ. ಮೇಡಂ ಕೆಟಲ್ಲಿನ ತಂತಿ ಕೀಳಿಸಿದರು. ಜನ ಚದುರಿದರು.

ಮನೆಯಲ್ಲಿ ಅಕ್ಕ ಸುಟ್ಟ ಕೈಗೆ ಮುಲಾಮು ಹಚ್ಚುತ್ತಾ ಬಯ್ದಳು. ಅವಳ ಬೈಗುಳದಲ್ಲಿ ಯಾವತ್ತೂ ಅಳು ಬೆರೆತಿರುತ್ತದೆ, ಅದಕ್ಕೇ ಜಾಸ್ತಿ ಚುಚ್ಚುತ್ತದೆ. "ಲೋಕಕ್ಕೆಲ್ಲ ಇಲಿ, ಹಲ್ಲಿ ಅಂತ ಹೆಸರಿಟ್ರಿ. ಈಗ ನಿಮಗೊಂದು ಇಟ್ರು, ಹೊತ್ಕೊಳ್ರಿ. ಬಾಯಿದ್ದಷ್ಟು ಜೋಪಾನ ಕೈಲಿರ್ಬೇಕಿತ್ತು. ಇವಳನ್ನ ನೋಡಿ ಕಲೀಬಾರದಾ? ಒಂದು ಲೋಟ ತೊಳೆದ್ರೂ ಮೂರು ಸಲ ನೋಡ್ತಾಳೆ."

ಭಾವ ಕೈ ಹಿಡಿಸಿಕೊಂಡೇ ನನ್ನನ್ನು ನೋಡಿದರು. "ನಿಜವಾಗ್ಲೂ ನೆನಪಿರ್ಲಿಲ್ವಾ?"

"ಇಲ್ಲ ಭಾವ."

"ಸರಿ ಬಿಡು."

ಮುಖ್ಯ ಕಚೇರಿಗೆ ಅವರ ಹೆಸರು ಹೋಯಿತು. ಕೆಲಸದಿಂದ ತೆಗೆಯಲಿಲ್ಲ, ತೆಗೆದಿದ್ದರೆ ಎಷ್ಟೋ ಮೇಲಾಗಿತ್ತು. ಬೆಟ್ಟದ ಕೆಲಸ ನನಗೆ ಕೊಟ್ಟು, ಸೀಸೆ ತೊಳೆಯುವ ಕೆಲಸಕ್ಕೆ ಅವರನ್ನು ಹಾಕಿದರು, ನನ್ನ ಕೈಕೆಳಗೆ. ಬೆಳಿಗ್ಗೆ ಅವರ ಆಲಿಕೆ ಹೊತ್ತು ನಾನು ಬೆಟ್ಟ ಹತ್ತುವಾಗ ಅವರು ತೊಟ್ಟಿಯ ಮುಂದೆ ನಿಂತಿರುತ್ತಿದ್ದರು. 'ಸಂಜೆ ಪಂಡಿತೆ' ನಿಂತು ಹೋಯಿತು. "ಮೇಡಮ್ಮೋರೇ, ಇದು ಒಣಗಿದೆ, ನೋಡ್ಬಿಡಿ," ಎನ್ನುತ್ತಿದ್ದರು. ಯಜಮಾನರು ದಿನಕ್ಕೊಂದು ಸಲ ಬೇಕೆಂದೇ ತೊಟ್ಟಿಯ ಕಡೆ ಬಂದು, "ಕೆಟಲಣ್ಣ, ಒಂದು ಚಹಾ!" ಎಂದು ಕೂಗಿ ಹೋಗುತ್ತಿದ್ದರು. ಭಾವ ತಿರುಗಿ ಒಂದು ಮಾತೂ ಆಡುತ್ತಿರಲಿಲ್ಲ. ಆ ಸುಡುವ ನಾಲಿಗೆಯನ್ನು ಅವರು ಎಲ್ಲಿ ಇಟ್ಟುಕೊಂಡಿದ್ದರೋ.

ನಾಲ್ಕು ತಿಂಗಳು ಕಳೆದ ಮೇಲೆ ನಾನು ಮಾಡಬೇಕಾದ್ದನ್ನು ಮಾಡಿದೆ. ಆವತ್ತು ತುಂಬಿದ ಎಂಟರಲ್ಲಿ ಎರಡು ಸೀಸೆ ಬಳಸದೆ ಕಪಾಟಿನಲ್ಲಿದ್ದವು. ಬೆಟ್ಟ ಕಾಣದ ಆ ಸೀಸೆಗಳಲ್ಲಿ ಕಾರ್ಬನ್ ಇರಲೇಬಾರದು. ಇತ್ತು, ಹಗುರದ್ದೇ ಹೆಚ್ಚು. ಅದನ್ನು ಕಳೆದು ಹಳೆಯ ಲೆಕ್ಕ ಮತ್ತೆ ಮಾಡಿದೆ. ಮೂರು ಸಲ ಮಾಡಿದೆ. ಇನ್ನೂರ ತೊಂಬತ್ತೈದು ಹೋಗಿ ಇನ್ನೂರ ಐವತ್ತಾಯಿತು. ನಲವತ್ತೈದು ಡಿಗ್ರಿ ನಾನು ಸೇರಿಸಿದ್ದು.

ಮೇಡಂ ಹಾಳೆ ನೋಡಿ ನನ್ನ ಕೈಗೇ ವಾಪಸ್ ಕೊಟ್ಟರು. "ಇಷ್ಟು ದಿನ ಯಾಕೆ ಸುಮ್ನಿದ್ದೆ?"

"ಹೆದರಿಕೆ ಮೇಡಂ."

"ಈಗ ಹೋಯ್ತಾ?"

"ಇಲ್ಲ."

"ಮತ್ತೆ? ಸುಮ್ನಿರೋದು ಹೇಗೂ ರೂಢಿಯಾಗಿದೆ, ಮುಂದುವರಿಸು. ಒಂದು ಹೆಸರು ಕೊಟ್ಟು ಅವರ ಬಾಯಿ ಮುಚ್ಚಿಸಿದೀನಿ. ಎರಡನೇದು ಕೊಟ್ರೆ ಮೂರನೇದು ಕೇಳ್ತಾರೆ. ಮೂರನೇದು ನಂದು." ಮುಂದಿನ ಫೈಲು ಎಳೆದುಕೊಂಡು, "ಅವನಿಗೇನು, ರಿಟೈರಾಗೋಕೆ ಇನ್ನು ಆರು ವರ್ಷ, ಸೀಸೆ ತೊಳೆದ್ರೆ ಮುಗೀತು," ಎಂದರು.

ಅಲ್ಲಿಂದ ನೇರ ತೊಟ್ಟಿಗೆ ಹೋದೆ. ಭಾವ ಬ್ರಷ್ಷು ಆಡಿಸುತ್ತಿದ್ದರು. ಎಲ್ಲ ಹೇಳಿದೆ: ಬಿರಿದ ಮುಚ್ಚಳ, ಬಸ್ಸಿನ ಹೊತ್ತು, ಎರಡು ಸೀಸೆ, ಇನ್ನೂರ ಐವತ್ತರ ಹೊಸ ಲೆಕ್ಕ. ಆಮ್ಲಜನಕದ ಹಾಳೆಯನ್ನೂ ಕೊಟ್ಟೆ. ಅವರು ಕೈ ಒರೆಸಿಕೊಂಡು ಆರೂ ಸೊನ್ನೆಗಳನ್ನು ಬೆರಳಿಟ್ಟು ನೋಡಿದರು.

"ಆವತ್ತು ಇದು ಎಲ್ಲಿತ್ತು?"

"ನನ್ನ ಹತ್ರಾನೇ. ಕಂಕುಳಲ್ಲಿ."

"ಹೂಂ." ಹಾಳೆಯನ್ನು ನನ್ನ ಕಡೆ ಚಾಚಿದರು. "ಅಂಗಳದಲ್ಲಿ ಓದ್ಬೇಕಿತ್ತು ಇದನ್ನ. ಇಲ್ಲಿ ಓದ್ಕೊಳೋಕೆ ನಂಗೂ ಬರತ್ತೆ."

ನಾನು ಅತ್ತೆ. ಅವರು ನಲ್ಲಿ ನಿಲ್ಲಿಸಿದರು. ಆಮೇಲೆ ಕೇಳಿದರು, "ಇನ್ನೂರ ಐವತ್ತು ಅಂದ್ಯಲ್ಲ, ಬಾವೀಲಿ ಸಿಕ್ಕಿದ್ದು ನೂರ ತೊಂಬತ್ತು. ಉಳಿದ ಅರವತ್ತು ಯಾರದು?"

"ಗೊತ್ತಿಲ್ಲ ಭಾವ."

"ಅದು ನಂದಿರಬಹುದು ಅಂತಾರೆ ಜನ. ನೀನು ನಲವತ್ತೈದು ಹೊತ್ಕೊಂಡು ಪುಣ್ಯವಂತೆ ಆಗ್ತೀಯ, ಅರವತ್ತು ನನ್ನ ತಲೆ ಮೇಲೇ ಕೂತಿರತ್ತೆ." ಬ್ರಷ್ಷು ಕೈಗೆತ್ತಿಕೊಂಡರು. "ಅದು ಯಾರದು ಅಂತ ಗೊತ್ತಾದ್ಮೇಲೆ ಬಾ. ಅರ್ಧ ಲೆಕ್ಕಕ್ಕೆ ನಾನು ಕ್ಷಮಿಸೋನಲ್ಲ."

ಎರಡೂ ಹಾಳೆಗಳನ್ನು ನನ್ನ ಹೆಸರಿನಲ್ಲೇ ಮುಖ್ಯ ಕಚೇರಿಗೆ ಕಳಿಸಿದೆ. ಎಂಟು ವಾರಕ್ಕೆ ಎರಡು ಸಾಲಿನ ಉತ್ತರ ಬಂತು: ವಿಷಯ ಮುಗಿದಿದೆ, ಮತ್ತೆ ಬರೆಯತಕ್ಕದ್ದಲ್ಲ. ನನಗೆ ಶಿಕ್ಷೆಯಾಗಲಿಲ್ಲ. ಭಾವನ ಹೆಸರು ಕಡತದಲ್ಲಿ ಇದ್ದ ಹಾಗೇ ಇದೆ. ಅಕ್ಕನಿಗೆ ನಾನೇ ಹೇಳಿದೆ; ಮಾರನೆಯ ಬೆಳಿಗ್ಗೆ ನನ್ನ ಪೆಟ್ಟಿಗೆ ಬಾಗಿಲಾಚೆ ಇತ್ತು. ಈಗ ಬೇರೆ ಕೋಣೆಯಲ್ಲಿದ್ದೇನೆ. ಭಾವ ಇನ್ನೂ ಸೀಸೆ ತೊಳೆಯುತ್ತಾರೆ, ನಾನು ಇನ್ನೂ ಬೆಟ್ಟ ಹತ್ತುತ್ತೇನೆ. ನಮ್ಮಿಬ್ಬರ ನಡುವೆ ಸೀಸೆಯ ಸಂಖ್ಯೆ ಬಿಟ್ಟು ಬೇರೆ ಮಾತಿಲ್ಲ.

ಆ ಅರವತ್ತನ್ನು ನಾನು ಹುಡುಕುತ್ತಿದ್ದೇನೆ. ಕಾರ್ಬನ್ ನಿಧಾನಸ್ಥ ಎಂದಿದ್ದರಲ್ಲ ಮೇಡಂ. ಬಂಡೆ ಎಂದೋ ಆರಿಹೋಗಿದ್ದು, ಅನಿಲ ಮಾತ್ರ ಸಾವಿರಾರು ವರ್ಷದ ಹಿಂದಿನ ಬಿಸಿಯನ್ನೇ ಇನ್ನೂ ಹೇಳುತ್ತಿರಬಹುದು. ಇಲ್ಲವೇ ಮೀಥೇನಿನಲ್ಲಿ ಸ್ವಲ್ಪ ಭಾಗ ಹೂತುಹೋದ ಹಳೆಯ ಗಿಡಮರಗಳದ್ದಿರಬಹುದು. ಹಾಗಿದ್ದರೆ ಅದು ಈ ಪಾಲಿನ ಲೆಕ್ಕಕ್ಕೇ ಸೇರಿದ್ದಲ್ಲ. ಅಥವಾ ಬಿಸಿ ನಿಜವಾಗಿಯೂ ಇದ್ದು, ಬಾವಿಯನ್ನು ನೂರು ಮಾರು ಆಚೆ ಕೊರೆದಿರಬಹುದು. ತಿಳಿಯಬೇಕಾದರೆ ಇನ್ನೊಂದು ಬಾವಿ ಬೇಕು. ಯಾರೂ ಕೊರೆಸುವುದಿಲ್ಲ. 'ಗೊತ್ತಾದ್ಮೇಲೆ ಬಾ' ಎಂದದ್ದು ಎಂದೂ ಬರಬೇಡ ಎಂದೋ, ನಿಜವಾಗಿಯೂ ಬಾ ಎಂದೋ, ಅದನ್ನೂ ನಾನು ಕೇಳಿಲ್ಲ. ಆ ಅರವತ್ತಕ್ಕೆ ಈ ಮೂರರಲ್ಲಿ ಯಾವುದು ಕಾರಣ ಎಂದೂ ನನಗೆ ಗೊತ್ತಿಲ್ಲ.